ಸೆರೆಮನೆ ಮತ್ತು ಹೆಪಟೈಟಿಸ್ ‘ಸಿ’

ಕಾಮಾಲೆ ಎಂದೊಡನೆ ನಮಗೆ ನೆನಪಾಗುವುದು ಹಳದಿ ಕಣ್ಣು ಮತ್ತು ಪಥ್ಯ. ಆದರೆ ಹೆಪಟೈಟಿಸ್ ‘ಸಿ’ ವೈರಾಣುವಿನ ಸೋಂಕು ತಗಲಿದ ಬಹಳಷ್ಟು ಮಂದಿಗೆ ಕಣ್ಣು ಹಳದಿಯಾಗುವುದೇ ಇಲ್ಲ. ರಕ್ತದಿಂದ ರಕ್ತಕ್ಕೆ ಹರಡುವ ಈ ವೈರಾಣು ಯಕೃತ್ತಿನಲ್ಲಿ ಸದ್ದಿಲ್ಲದೆ ನೆಲೆಯೂರುತ್ತದೆ. ಸೋಂಕು ತಗಲಿದ 100 ಮಂದಿಯಲ್ಲಿ 55ರಿಂದ 85 ಮಂದಿಗೆ ಅದು ದೀರ್ಘಕಾಲ ಉಳಿಯುತ್ತದೆ. ಹೀಗೆ ಉಳಿದವರಲ್ಲಿ ಶೇಕಡಾ 15ರಿಂದ 30ರಷ್ಟು ಜನರಿಗೆ 20 ವರ್ಷಗಳೊಳಗೆ ಯಕೃತ್ತು ಗಡುಸಾಗುವ ‘ಸಿರೋಸಿಸ್’ ಬರುವ ಅಪಾಯವಿದೆ. ಕೆಲವರಿಗೆ ಕ್ಯಾನ್ಸರ್ ಕೂಡ ಬರಬಹುದು.

ಅನೇಕ ದೇಶಗಳಲ್ಲಿ ಈ ಸೋಂಕು ಹೊರಗಿನವರಿಗಿಂತ ಸೆರೆಮನೆಯೊಳಗಿನವರಲ್ಲಿ ಹೆಚ್ಚು. ಮಾದಕ ವಸ್ತು ಚುಚ್ಚಿಕೊಳ್ಳಲು ಒಂದೇ ಸೂಜಿಯನ್ನು ಹಲವರು ಬಳಸುವುದು ಇದಕ್ಕೆ ಮುಖ್ಯ ಕಾರಣ. ಅಶುದ್ಧ ಸೂಜಿಯಿಂದ ಹಾಕುವ ಹಚ್ಚೆ, ಹಂಚಿಕೊಳ್ಳುವ ಕ್ಷೌರದ ಬ್ಲೇಡು ಸಹ ಕಾರಣಗಳೇ.

ಹಿಂದೆ ಇದಕ್ಕಿದ್ದ ಚಿಕಿತ್ಸೆ ಇಂಟರ್‌ಫೆರಾನ್ ಚುಚ್ಚುಮದ್ದು ಮತ್ತು ರೈಬಾವಿರಿನ್ ಮಾತ್ರೆ. ಆರು ತಿಂಗಳಿಂದ ಒಂದು ವರ್ಷದವರೆಗೆ ತೆಗೆದುಕೊಳ್ಳಬೇಕಿತ್ತು. ಜ್ವರ, ರಕ್ತಹೀನತೆ, ಮನಸ್ಸಿನ ಖಿನ್ನತೆ ಬರುತ್ತಿದ್ದವು. ಇಂಥ ಚಿಕಿತ್ಸೆಯನ್ನು ಸೆರೆಮನೆಯಲ್ಲಿ ನಡೆಸುವುದು ಕಷ್ಟವಾಗಿತ್ತು. 2013ರಲ್ಲಿ ಸೊಫೊಸ್ಬುವಿರ್ ಮಾತ್ರೆ ಬಂದ ಮೇಲೆ ಪರಿಸ್ಥಿತಿ ಬದಲಾಯಿತು. ಈಗ ಅದರ ಜೊತೆ ಡಕ್ಲಾಟಾಸ್ವಿರ್ ಅಥವಾ ವೆಲ್ಪಟಾಸ್ವಿರ್ ಸೇರಿಸಿ ಸಾಮಾನ್ಯವಾಗಿ 12 ವಾರ ಕೊಟ್ಟರೆ 100ಕ್ಕೆ 95ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ.

‘ಅಪರಾಧ ಮಾಡಿದವರಿಗೆ ಜನರ ಹಣದಲ್ಲಿ ಔಷಧಿ ಏಕೆ?’ ಎಂದು ನೀವು ಕೇಳಬಹುದು. ನಮ್ಮ ದೇಶದ ಸೆರೆಮನೆಗಳಲ್ಲಿ ಇರುವವರಲ್ಲಿ ಬಹುಪಾಲು ಮಂದಿ ಇನ್ನೂ ಅಪರಾಧ ಸಾಬೀತಾಗದ ವಿಚಾರಣಾಧೀನ ಕೈದಿಗಳು. ಅಪರಾಧಿಗಳೇ ಆದರೂ ಹೆಚ್ಚಿನವರು ಒಂದು ದಿನ ಮನೆಗೆ ಮರಳುತ್ತಾರೆ, ಅವರೊಡನೆ ಸೋಂಕೂ ಬರುತ್ತದೆ. ಹೆಪಟೈಟಿಸ್ ‘ಸಿ’ಗೆ ಲಸಿಕೆ ಇಲ್ಲ. ಸೋಂಕಿರುವವರನ್ನು ಗುಣಪಡಿಸುವುದೂ ಹರಡುವಿಕೆ ತಡೆಯುವ ಒಂದು ದಾರಿ.

ಆಸ್ಟ್ರೇಲಿಯಾ ಇದನ್ನು ಮಾಡಿ ತೋರಿಸಿದೆ. ಅಲ್ಲಿನ ಸರ್ಕಾರ 2016ರ ಮಾರ್ಚ್‌ನಿಂದ ಕೈದಿಗಳಿಗೂ ಈ ಮಾತ್ರೆಗಳನ್ನು ಒದಗಿಸಿತು. ನ್ಯೂ ಸೌತ್ ವೇಲ್ಸ್ ರಾಜ್ಯದ ನಾಲ್ಕು ಸೆರೆಮನೆಗಳಲ್ಲಿ ನಡೆದ ಅಧ್ಯಯನದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಚಿಕಿತ್ಸೆಯನ್ನು ವ್ಯಾಪಕವಾಗಿ ನೀಡುವ ಮೊದಲು ವರ್ಷಕ್ಕೆ ನೂರಕ್ಕೆ 8ಕ್ಕಿಂತ ಹೆಚ್ಚು ಮಂದಿಗೆ ಹೊಸದಾಗಿ ಸೋಂಕು ತಗಲುತ್ತಿತ್ತು. ಆಮೇಲೆ ಅದು ನಾಲ್ಕೂವರೆಗಿಂತ ಕೆಳಗಿಳಿಯಿತು.

ನಮ್ಮಲ್ಲಿಯೂ 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಗೊತ್ತುಪಡಿಸಿದ ಸರ್ಕಾರಿ ಕೇಂದ್ರಗಳಲ್ಲಿ ಪರೀಕ್ಷೆ ಮತ್ತು ಔಷಧಿ ಉಚಿತ. ಕೈದಿಗಳನ್ನೂ ಹೆಚ್ಚಿನ ಅಪಾಯವಿರುವವರೆಂದು ಪರಿಗಣಿಸಲಾಗಿದೆ.

ಚಿಕಿತ್ಸೆಗೆ ದೊಡ್ಡ ಅಡ್ಡಿಯೆಂದರೆ ಜಾಮೀನು, ಬಿಡುಗಡೆ ಅಥವಾ ವರ್ಗಾವಣೆಯಾದಾಗ ಮಾತ್ರೆ ನಡುವೆ ನಿಂತುಹೋಗುವುದು. ನಿಮ್ಮ ಬಂಧುವೊಬ್ಬರು ಹೀಗೆ ಹೊರಬಂದರೆ ಉಳಿದ ಮಾತ್ರೆ ಮತ್ತು ಚಿಕಿತ್ಸೆಯ ಚೀಟಿಯನ್ನು ತಪ್ಪದೆ ಕೇಳಿ ಪಡೆಯಿರಿ. ಕ್ಷಯಕ್ಕೆ ರಿಫಾಂಪಿಸಿನ್ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ. ಅದರ ಜೊತೆ ಈ ಮಾತ್ರೆಗಳನ್ನು ಕೊಡಬಾರದು. ಮಾತ್ರೆ ಮುಗಿದ 12 ವಾರಗಳ ನಂತರ ರಕ್ತದಲ್ಲಿ ವೈರಾಣು ಇದೆಯೇ ಎಂದು ಪರೀಕ್ಷಿಸಿದರೆ ಮಾತ್ರ ಗುಣವಾದದ್ದು ಖಚಿತವಾಗುತ್ತದೆ. ಗುಣವಾದವರಿಗೂ ಮತ್ತೆ ಸೋಂಕು ತಗಲಬಹುದು, ಆದ್ದರಿಂದ ಸೂಜಿ ಹಂಚಿಕೊಳ್ಳಬಾರದು.

ಮನೆಗೆ ಬಂದವರಿಗೆ ಬೇರೆ ತಟ್ಟೆ, ಲೋಟ ಇಡಬೇಕಾಗಿಲ್ಲ. ಜೊತೆಯಲ್ಲಿ ಉಣ್ಣುವುದರಿಂದ, ಅಪ್ಪಿಕೊಳ್ಳುವುದರಿಂದ ಇದು ಹರಡುವುದಿಲ್ಲ. ಹಲ್ಲುಜ್ಜುವ ಬ್ರಷ್, ರೇಜರ್ ಮಾತ್ರ ಬೇರೆಯಿರಲಿ.

ಸೆರೆಮನೆ ಕಾಣದವರಿಗೂ ಈ ಮಾತು ಅನ್ವಯಿಸುತ್ತದೆ. 2001ಕ್ಕೆ ಮುಂಚೆ ರಕ್ತ ಪಡೆದವರು, ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಂಡವರು, ಒಂದೇ ಸಿರಿಂಜಿನಿಂದ ಹಲವರಿಗೆ ಚುಚ್ಚುವಲ್ಲಿ ಸೂಜಿ ಹಾಕಿಸಿಕೊಂಡವರು ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.