ಬೆಟ್ಟದ ತೊರೆಗೆ ತಕ್ಕ ಗಾಳ

ಬಾಬಾಬುಡನ್ ಗಿರಿಶ್ರೇಣಿಯಲ್ಲಿ ಹುಟ್ಟುವ ಅವತಿ ಹಳ್ಳವು ಕಡೂರು ಸೀಮೆಯ ಮದಗದ ಕೆರೆಯನ್ನು ತುಂಬುತ್ತದೆ. ಇಂತಹ ಕೆರೆಗಳ ಏರಿಯ ಮೇಲೆ ಬಿದಿರುಕೋಲು ಹಿಡಿದು ಮೌನವಾಗಿ ಕುಳಿತವರನ್ನು ನೀವು ಕಂಡಿರಬಹುದು. ಕೋಲು, ದಾರ, ಬೆಂಡು, ಸೀಸದ ಚೂರು, ಕೊಕ್ಕೆ, ಎರೆಹುಳು – ಇಷ್ಟೇ ಅವರ ಸಲಕರಣೆ. ನಿಂತ ನೀರಿಗೆ ಇದು ಸಾಕು. ಆದರೆ ಬೆನ್ನಿಗೆ ಚೀಲ ಹೊತ್ತು, ಬೆಟ್ಟವೇರಿ, ಬಂಡೆಗಳ ನಡುವೆ ಧುಮ್ಮಿಕ್ಕುವ ತೊರೆಯನ್ನು ಅರಸಿ ಹೋಗುವವನಿಗೆ ಬೇಕಾದ ಗಾಳವೇ ಬೇರೆ.

ಗಾಳದ ವಿದ್ಯೆ ನಮ್ಮಲ್ಲಿ ಹಳೆಯದು. 12ನೆಯ ಶತಮಾನದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೆ ಒಂದು ಪ್ರಕರಣವೇ ಮೀಸಲಾಗಿದೆ. ಆಂಗ್ಲ ಅಧಿಕಾರಿ ಹೆನ್ರಿ ಸಲಿವನ್ ಥಾಮಸ್ ಭಾರತದ ಗಾಳಗಾರಿಕೆಯನ್ನು ಕುರಿತು ಬರೆದ ಗ್ರಂಥ 1873ರಲ್ಲಿ ಮಂಗಳೂರಿನಲ್ಲಿಯೇ ಅಚ್ಚಾಯಿತು.

ಬೆಟ್ಟದ ತೊರೆಯ ಮೀನುಗಳಲ್ಲಿ ಟ್ರೌಟ್ ಲೋಕಪ್ರಸಿದ್ಧವಾದುದು. ಅದು ನಮ್ಮ ದೇಶದ್ದಲ್ಲ. ಪರದೇಶದಿಂದ ತಂದು ಕಾಶ್ಮೀರ, ನೀಲಗಿರಿಗಳ ತಣ್ಣೀರಿನಲ್ಲಿ ಬೆಳೆಸಿದ್ದು. ನೀಲಗಿರಿಯ ಅವಲಾಂಚ್‌ನಲ್ಲಿ ಇದರ ಮರಿ ಮಾಡುವ ಕೇಂದ್ರ 1907ರಲ್ಲಿ ಆರಂಭವಾಯಿತು. ಪ್ರವಾಹದಲ್ಲಿ ತೇಲಿಬರುವ ಹುಳುಹುಪ್ಪಟೆಗಳು ಟ್ರೌಟಿನ ಆಹಾರ. ಆದುದರಿಂದ ಪುಟ್ಟ ಕೊಕ್ಕೆಗೆ ಗರಿ, ನೂಲು ಸುತ್ತಿ ಮಾಡಿದ ಹುಸಿನೊಣವನ್ನು ತೋರಿ ಅದನ್ನು ಸೆಳೆಯುತ್ತಾರೆ.

ಇಲ್ಲೊಂದು ತೊಡಕುಂಟು. ಕಲ್ಲನ್ನು ದೂರ ಎಸೆಯಬಹುದು, ಗರಿಯನ್ನು ಎಸೆಯಲಾದೀತೆ? ಹುಸಿನೊಣಕ್ಕೆ ಭಾರವೇ ಇಲ್ಲ. ಸೀಸ ಕಟ್ಟಿದರೆ ಅದು ತೇಲದೆ ಮುಳುಗುತ್ತದೆ. ಆದುದರಿಂದ ದಾರವನ್ನೇ ದಪ್ಪವಾಗಿ, ಭಾರವಾಗಿ ಮಾಡಿರುತ್ತಾರೆ. ಕೋಲನ್ನು ಹಿಂದಕ್ಕೂ ಮುಂದಕ್ಕೂ ಬೀಸಿದಾಗ ಈ ದಾರವು ಚಾವಟಿಯಂತೆ ಬಿಚ್ಚಿಕೊಳ್ಳುತ್ತ ನೊಣವನ್ನು ಒಯ್ಯುತ್ತದೆ. ತುದಿಯ ತೆಳುವಾದ ನೈಲಾನ್ ಎಳೆ ಮೀನಿನ ಕಣ್ಣಿಗೆ ಬೀಳುವುದಿಲ್ಲ. ದಾರಗಳಿಗೆ ತೂಕದ ಅಂಕಿಗಳಿವೆ. ತುದಿಯ 30 ಅಡಿ ಸುಮಾರು 8 ಗ್ರಾಂ ತೂಗಿದರೆ ಅದು 4ನೆಯ ಅಂಕಿಯ ದಾರ. ಕೋಲಿನ ಮೇಲೂ ಅದೇ ಅಂಕಿ ಇರಬೇಕು. ಈ ಹೊಂದಿಕೆ ತಪ್ಪಿದರೆ ಎಷ್ಟು ಬೆಲೆಯ ಕೋಲೂ ವ್ಯರ್ಥ.

ಇಕ್ಕಟ್ಟಾದ ತೊರೆಗೆ 3 ಅಥವಾ 4ನೆಯ ಅಂಕಿಯ, ಏಳೆಂಟು ಅಡಿಯ ಕೋಲು ಸಾಕು. ನಾಲ್ಕು ತುಂಡುಗಳಾಗಿ ಬಿಚ್ಚುವುದಾದರೆ ಒಂದೊಂದೂ ಎರಡಡಿಯಷ್ಟಾಗಿ ಚೀಲದಲ್ಲಿ ಅಡಗುತ್ತದೆ. ಎರಡೇ ತುಂಡಿನದು ಹೆಗಲ ಮೇಲೆ ಚಾಚಿಕೊಂಡು ಲಂಟಾನ ಪೊದೆಗಳಿಗೆಲ್ಲ ಸಿಕ್ಕಿಕೊಳ್ಳುತ್ತದೆ. ರಾಟೆಗೆ ಹಣ ಸುರಿಯುವುದು ದಂಡ. ಸಣ್ಣ ಮೀನಿಗೆ ಅದು ದಾರ ಸುತ್ತುವ ಉರುಳೆಯಷ್ಟೇ. ಜಪಾನಿನ ಬೆಟ್ಟಗಾಡಿನವರು ರಾಟೆಯನ್ನೇ ಬಿಟ್ಟು, ಕೋಲಿನ ತುದಿಗೆ ದಾರ ಕಟ್ಟುತ್ತಾರೆ. ತೆಂಕಾರ ಎಂಬ ಈ ಪದ್ಧತಿಯ ಇಂದಿನ ಕೋಲುಗಳು ಒಂದರೊಳಗೊಂದು ಸೇರಿ ಗಿಡ್ಡವಾಗುತ್ತವೆ. ನಡೆದು ಹೋಗುವವನಿಗೆ ನಾನು ಹೇಳುವುದು ಇದನ್ನೇ. ನಮ್ಮ ಕೆರೆಯೇರಿಯ ಬಿದಿರುಕೋಲಿಗೆ ಇದು ಹತ್ತಿರದ ನೆಂಟ!

ಗಾಳಕ್ಕಿಂತಲೂ ಮುಖ್ಯವಾದುದು ಪಾದರಕ್ಷೆ. ಪಾಚಿಗಟ್ಟಿದ ಬಂಡೆಯ ಮೇಲೆ ಜಾರದ ಅಡಿಯುಳ್ಳ ಬೂಟು, ಆಳ ನೋಡಲು ಒಂದು ಊರುಗೋಲು ಇರಲೇಬೇಕು. ನೆತ್ತಿಯ ಮೇಲೆ ಬಿಸಿಲಿದ್ದರೂ ಮೇಲಣ ಬೆಟ್ಟದಲ್ಲಿ ಮಳೆ ಸುರಿದು ತೊರೆ ಉಕ್ಕಬಹುದು. ತಿಳಿನೀರು ಕದಡಿ ಕೆಂಪಾದೊಡನೆ, ಗಾಳ ಅಲ್ಲಿಯೇ ಉಳಿದರೂ ಚಿಂತೆಯಿಲ್ಲ, ದಡವೇರಬೇಕು. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಮೊದಲೇ ಒತ್ತಿಟ್ಟರೆ ಮೀನನ್ನು ಗಾಯವಿಲ್ಲದೆ ನೀರಿಗೆ ಬಿಡಬಹುದು; ನಮ್ಮ ಬೆರಳಿಗೆ ನಾಟಿದರೂ ಸುಲಭವಾಗಿ ಬಿಡಿಸಬಹುದು.

ತರೀಕೆರೆಯ ಪಡುವಣ ಕಾಡಿನ ಬಹುಭಾಗವು 1998ರಿಂದ ಭದ್ರಾ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದೆ. ಅಲ್ಲಿನ ತೊರೆಗಳಿಗೆ ಗಾಳ ಒಯ್ಯುವಂತಿಲ್ಲ. ಆದರೆ ಬೀಸುವ ಕೈಚಳಕ ಕಲಿಯಲು ನೀರೇ ಬೇಕಿಲ್ಲ. ಕೊಕ್ಕೆಯ ಬದಲು ಉಣ್ಣೆಯ ಚೂರೊಂದನ್ನು ಕಟ್ಟಿ, ಹುಲ್ಲಿನ ಮೇಲೆ ಒಂದು ತಟ್ಟೆಯನ್ನಿಟ್ಟು, ಅದರೊಳಗೆ ಬೀಳುವಂತೆ ಬೀಸಿ ನೋಡಬೇಕು. ಹಿಂದೆ ಮರಗಿಡಗಳ ಅಡ್ಡಿಯಿಲ್ಲದ ಅಜ್ಜಂಪುರದ ಬಯಲು ಇದಕ್ಕೆ ಬಹಳ ಅನುಕೂಲವಾದುದು.