ಹಾಡಿನ ಕಣದಲ್ಲಿ ತೌರಿನ ಮಮತೆ

ಶ್ರೀನಿವಾಸಪುರವೆಂದೊಡನೆ ಮಾವಿನ ಹಣ್ಣು ನೆನಪಿಗೆ ಬರುವುದು ಸಹಜ. ಆದರೆ ಆಂಧ್ರದ ಗಡಿಗೆ ಹೊಂದಿಕೊಂಡಿರುವ ಆ ತಾಲ್ಲೂಕಿಗೆ ಇನ್ನೊಂದು ವೈಶಿಷ್ಟ್ಯವೂ ಉಂಟು. ಮನೆಯೊಳಗೆ ತೆಲುಗನ್ನೂ ಶಾಲೆ ಕಚೇರಿಗಳಲ್ಲಿ ಕನ್ನಡವನ್ನೂ ಸರಾಗವಾಗಿ ಆಡುವ ಸಂಸಾರಗಳು ಅಲ್ಲಿ ಹೇರಳ. ಅಂತಹ ಮನೆಯ ಟೆಲಿವಿಷನ್ನಿನಲ್ಲಿ ತೆಲುಗಿನ ಹುಡುಗನೂ ಕನ್ನಡದ ಹುಡುಗಿಯೂ ಹಾಡಿನ ಸ್ಪರ್ಧೆಗೆ ನಿಂತರೆ, ಮನೆಮಂದಿ ಯಾರ ಪಕ್ಷ ವಹಿಸಬೇಕು? ಇದನ್ನು ವಿನೋದದ ಪ್ರಶ್ನೆಯೆಂದು ತಳ್ಳಿಹಾಕುವಂತಿಲ್ಲ. ಯೂರೋಪಿನ ರಾಷ್ಟ್ರಗಳೂ ಇದರೊಡನೆ ಹೆಣಗಿವೆ.

1956ರಲ್ಲಿ ಸ್ವಿಟ್ಜರ್ಲೆಂಡಿನ ಲುಗಾನೋ ನಗರದಲ್ಲಿ ಏಳು ರಾಷ್ಟ್ರಗಳು ಸೇರಿ ಯೂರೋವಿಷನ್ ಗೀತಸ್ಪರ್ಧೆಯನ್ನು ಆರಂಭಿಸಿದವು. ಯಾವ ದೇಶವೂ ತನ್ನ ಹಾಡಿಗೆ ತಾನೇ ಅಂಕ ಕೊಡಕೂಡದೆಂಬುದು ಮರುವರ್ಷದಿಂದ ನಿಯಮವಾಯಿತು. 1997ರಲ್ಲಿ ಐದು ದೇಶಗಳ ಪ್ರೇಕ್ಷಕರಿಗೆ ದೂರವಾಣಿಯ ಮೂಲಕ ಮತ ನೀಡುವ ಅವಕಾಶ ದೊರೆಯಿತು, ಜರ್ಮನಿ ಅವುಗಳಲ್ಲೊಂದು. 1961ರ ಕಾರ್ಮಿಕ ಒಪ್ಪಂದದ ತರುವಾಯ ಲಕ್ಷಾಂತರ ತುರ್ಕರು ನೆಲೆಸಿದ್ದ ಆ ದೇಶ ತನ್ನ ಅತ್ಯುಚ್ಚ 12 ಅಂಕಗಳನ್ನು ಆ ವರ್ಷ ಕೊಟ್ಟದ್ದು ತುರ್ಕಿಗೆ! ನಿಯಮವೇನೋ ದೇಶವನ್ನು ಕಟ್ಟಿಹಾಕಿತ್ತು. ತೌರಿನ ಮಮತೆಯನ್ನು ಕಟ್ಟುವವರಾರು? 2009ರಲ್ಲಿ ಅಂತಿಮ ಸುತ್ತಿನ ಅಂಕಗಳಲ್ಲಿ ಅರ್ಧ ಪಾಲನ್ನು ಮತ್ತೆ ತೀರ್ಪುಗಾರರ ಕೈಗೆ ಒಪ್ಪಿಸಲಾಯಿತು.

ಹೀಗೆ ಮತ ನೀಡಿದವರನ್ನು ಪಕ್ಷಪಾತಿಗಳೆಂದು ಜರೆಯುವುದು ಸುಲಭ. ಆದರೆ ವರ್ಷವಿಡೀ ಹೊರಗಿನವನೆನಿಸಿಕೊಂಡು ದುಡಿದವನಿಗೆ, ಒಂದು ರಾತ್ರಿಯಾದರೂ ಹಿರಿಯರ ನಾಡಿನ ಹೆಸರು ಮೇಲೇರುವುದನ್ನು ಕಾಣುವ ಆಸೆ ಅಪರಾಧವೇ?

ಆ ಆಸೆಗೆ ಕಹಿ ಸೇರುವುದೂ ಉಂಟು. 2007ರಲ್ಲಿ ನಮ್ಮ ದೇಶದ ‘ಇಂಡಿಯನ್ ಐಡಲ್’ ಸ್ಪರ್ಧೆಯಲ್ಲಿ ಡಾರ್ಜಿಲಿಂಗಿನ ನೇಪಾಳಿ ಭಾಷಿಕ ಪ್ರಶಾಂತ್ ತಮಾಂಗ್ ಗೆದ್ದರು. ಬೆಟ್ಟದ ಜನ ಹಣ ಕೂಡಿಸಿ, ಮೊಬೈಲ್ ಸಂದೇಶಗಳ ಮಳೆಗರೆದು ಅವರನ್ನು ಬೆಂಬಲಿಸಿದ್ದರು. ಕೆಲವೇ ದಿನಗಳಲ್ಲಿ ರೇಡಿಯೋ ನಿರೂಪಕನೊಬ್ಬನ ಅಪಹಾಸ್ಯದ ಮಾತಿನಿಂದ ಸಿಲಿಗುರಿಯಲ್ಲಿ ಗಲಭೆಯೆದ್ದಿತು. ಹಾಡಿಗೆ ಬಿದ್ದ ಮತವು ಸ್ವಾಭಿಮಾನದ ಮತವೂ ಆಗಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಕನ್ನಡಿಗರ ಕಿವಿಯಾದರೋ ಈ ವಿಷಯದಲ್ಲಿ ಉದಾರವಾದುದು. ಕಾಕಿನಾಡದಲ್ಲಿ ಹುಟ್ಟಿದ ಪಿ. ಬಿ. ಶ್ರೀನಿವಾಸರ ಕಂಠವನ್ನು ಅದು ರಾಜಕುಮಾರರ ಕಂಠವೆಂದೇ ಒಪ್ಪಿಕೊಂಡಿತು. ಗುಂಟೂರು ಸೀಮೆಯ ಎಸ್. ಜಾನಕಿಯವರನ್ನು ಮನೆಮಗಳೆಂದಿತು. ತೆಲುಗು ಮನೆಮಾತಿನ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರು 1995ರ ಕನ್ನಡ ಚಿತ್ರ ‘ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ’ಯ ಹಾಡಿಗಾಗಿ ರಾಷ್ಟ್ರಪ್ರಶಸ್ತಿ ಪಡೆದರು. ತೆಲುಗಿನ ‘ಪಾಡುತಾ ತೀಯಗಾ’, ಕನ್ನಡದ ‘ಎದೆ ತುಂಬಿ ಹಾಡುವೆನು’ ಎರಡನ್ನೂ ನಡೆಸಿಕೊಟ್ಟವರು ಅವರೇ. ಮನೆಯಲ್ಲಿ ತಮಿಳಾಡಿ ಕನ್ನಡದ ಆಸ್ತಿಯೆನಿಸಿದ ಮಾಸ್ತಿಯವರೂ ಕೋಲಾರ ಜಿಲ್ಲೆಯವರೇ ಅಲ್ಲವೇ?

ಆದ್ದರಿಂದ ಗಡಿನಾಡಿನ ಅಜ್ಜಿ ತೆಲುಗಿನ ಹುಡುಗನಿಗೂ, ಮೊಮ್ಮಗಳು ಕನ್ನಡದ ಹುಡುಗಿಗೂ ಮತ ನೀಡಿದರೆ ಮನೆಯವರು ಗಾಬರಿಯಾಗಬೇಕಿಲ್ಲ. ಅಜ್ಜಿಯ ಮತವನ್ನು ನಾಡಿನ ಮೇಲಣ ನಿಷ್ಠೆಯ ಪರೀಕ್ಷೆಯಾಗಿ ಮಾಡದಿರುವುದೇ ವಿವೇಕ. ಎದುರಾಳಿಯು ಚೆನ್ನಾಗಿ ಹಾಡಿದಾಗ ಇಬ್ಬರೂ ಕೂಡಿ ತಲೆದೂಗುವಂತಿದ್ದರೆ ಅಷ್ಟು ಸಾಕು.