ಉಪ್ಪಿನಕಾಯಿ ಬಾಟಲಿಯಿಂದ ಎಮ್ಮೆಯ ಗ್ವಾದಲಿಗೆ

ಜೇವರ್ಗಿ ತಾಲ್ಲೂಕಿನ ನೆಲೋಗಿ. ದೊಡ್ಡವ್ವನ ಪಡಸಾಲೆಯಲ್ಲಿ ಕೂತು, ಅಂಗಡಿಯಿಂದ ತಂದ ಉಪ್ಪಿನಕಾಯಿ ಬಾಟಲಿ ತಿರುಗಿಸಿ ನೋಡುತ್ತಿದ್ದೆ. ಇರುವೆ ಸಾಲಿನಂಥ ಅಕ್ಷರಗಳ ನಡುವೆ ಒಂದು ಸಂಖ್ಯೆ: 211. ಸೋಡಿಯಂ ಬೆಂಜೋಯೇಟ್. ‘ಕೆಮಿಕಲ್’ ಅಂದುಕೊಂಡು ಬಾಟಲಿಯನ್ನು ಅತ್ತ ಸರಿಸಿದೆ. ಆದರೆ ಆ ಸಂಖ್ಯೆಯ ಬೆನ್ನು ಹತ್ತಿದರೆ ಎಲ್ಲಿಗೆ ಮುಟ್ಟಿದೆ ಗೊತ್ತೇ? ಹಿತ್ತಲಲ್ಲಿ ಕಣಕಿ ಮೇಯುತ್ತಿದ್ದ ಎಮ್ಮೆಯ ಹತ್ತಿರ!

1829ರಲ್ಲಿ ಜರ್ಮನಿಯ ವಿಜ್ಞಾನಿ ಲೀಬಿಗ್ ಕುದುರೆಯ ಮೂತ್ರದಲ್ಲಿ ಒಂದು ಆಮ್ಲ ಗುರುತಿಸಿ, ಕುದುರೆಯ ಗ್ರೀಕ್ ಹೆಸರನ್ನೇ ಅದಕ್ಕಿಟ್ಟ: ಹಿಪ್ಪ್ಯೂರಿಕ್. 1841ರಲ್ಲಿ ವೈದ್ಯ ಅಲೆಕ್ಸಾಂಡರ್ ಯೂರ್, ಬೆಂಜೋಯಿಕ್ ಆಮ್ಲ (ನಮ್ಮ 211 ಇದರದೇ ಲವಣ) ನುಂಗಿದ ಮನುಷ್ಯನ ಮೂತ್ರದಲ್ಲೂ ಅದನ್ನೇ ಕಂಡ. ನಮ್ಮ ಯಕೃತ್ತು ಬೆಂಜೋಯಿಕ್ ಆಮ್ಲಕ್ಕೆ ಗ್ಲೈಸಿನ್ ಜೋಡಿಸಿ ಹೊರಗೆ ದಬ್ಬುತ್ತದೆ. ಮೇವಿನಿಂದ ಹುಟ್ಟುವ ಅದೇ ಆಮ್ಲವನ್ನು ಎಮ್ಮೆಯೂ ದಿನವಿಡೀ ಹೀಗೇ ಸಾಗಹಾಕುತ್ತದೆ. ಮಸಾಲೆ ಖಾರಕ್ಕೆ ಬೀಳುವ ದಾಲ್ಚಿನ್ನಿ, ಲವಂಗದಲ್ಲೂ ಅದು ಇದೆ. ಅಂದರೆ ಬಾಟಲಿ ಹುಟ್ಟುವ ಮೊದಲೇ ಅದು ನಮ್ಮ ಅಡುಗೆಮನೆಯಲ್ಲಿತ್ತು!

ಹುಳಿಯಲ್ಲಿ ಮಾತ್ರ ಅದರ ಆಟ ನಡೆಯುವುದು; ಹುಳಿ ಇದ್ದರೇ ಸೂಕ್ಷ್ಮಜೀವಿಯ ಗೋಡೆ ದಾಟಿ ಒಳಗೆ ನುಗ್ಗುತ್ತದೆ. ಸುರಕ್ಷತೆಯ ಲೆಕ್ಕ ಇನ್ನೂ ಬೆರಗು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಎಫ್‌ಎಒದ ಜಂಟಿ ತಜ್ಞ ಸಮಿತಿ ದೇಹತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 5 ಮಿ.ಗ್ರಾಂ ಇದ್ದ ಮಿತಿಯನ್ನು 2021ರಲ್ಲಿ 20ಕ್ಕೆ ಏರಿಸಿತು. ಕೆ.ಜಿ. ಉಪ್ಪಿನಕಾಯಿಗೆ 250 ಮಿ.ಗ್ರಾಂ ಹಾಕಿದ್ದಾರೆಂದುಕೊಳ್ಳಿ, 60 ಕೆ.ಜಿ.ಯ ಆಳು ಆ ಮಿತಿ ಮುಟ್ಟಲು ದಿನಾ ಹೆಚ್ಚುಕಡಿಮೆ 5 ಕೆ.ಜಿ. ತಿನ್ನಬೇಕು. ಅವನನ್ನು ಮೊದಲು ಮಲಗಿಸುವುದು ಉಪ್ಪು! ಹಾಗಂತ ಎಲ್ಲ ಸಂಖ್ಯೆಗೂ ಕೈಮುಗಿಯಲಾರೆ: ಒಣದ್ರಾಕ್ಷಿಯ ಹೊಂಬಣ್ಣ ಕಾಯುವ ಗಂಧಕದ ಡೈಆಕ್ಸೈಡ್, 220, ಕೆಲವು ಆಸ್ತಮಾ ರೋಗಿಗಳ ಉಸಿರನ್ನೇ ಬಿಗಿಸುತ್ತದೆ.

ಇನ್ನೊಂದು ಸೋಜಿಗ ನಮ್ಮ ಸರ್ಕಾರಿ ಪುಸ್ತಕದಲ್ಲಿದೆ. 2011ರ ಆಹಾರ ನಿಯಮಗಳಲ್ಲಿ ಸಂರಕ್ಷಕಗಳಿಗೆ ಎರಡು ವರ್ಗ. ಬೆಂಜೋಯಿಕ್ ಆಮ್ಲ ಎರಡನೆಯದರಲ್ಲಿ, ಮಿತಿಯ ಬೇಲಿಯೊಳಗೆ. ಮೊದಲ ವರ್ಗದಲ್ಲಿ ಯಾರು? ಉಪ್ಪು, ಸಕ್ಕರೆ, ವಿನೆಗರ್, ಜೇನು, ಮಸಾಲೆ, ಅಡುಗೆ ಎಣ್ಣೆ!

ಬುಟ್ಟಿಯಿಂದ ಒಂದು ಕಡಕ್ ರೊಟ್ಟಿ ತೆಗೆದೆ. ಹಪ್ಪಳದಂತೆ ಚಟ್ಟೆಂದು ಮುರಿಯಿತು. ಇದಕ್ಕೆ ಸಂಖ್ಯೆಯೇ ಇಲ್ಲ. ಜೋಳದ ಹಿಟ್ಟು, ನೀರು, ಬೆಂಕಿ. ಆಮೇಲೆ ಆ ನೀರನ್ನೂ ಓಡಿಸಿದ್ದು. ವಿಜ್ಞಾನಿಗಳು ಆಹಾರದಲ್ಲಿ ಜೀವಿಗಳ ಕೈಗೆ ಸಿಗುವ ನೀರನ್ನು ಸೊನ್ನೆಯಿಂದ ಒಂದರವರೆಗೆ ಅಳೆಯುತ್ತಾರೆ, 0.6ಕ್ಕಿಂತ ಕೆಳಗಿಳಿದರೆ ಯಾವ ಬೂಸರೂ ಬೆಳೆಯದು. ಉಪ್ಪು ಮಾಡುವುದೂ ಇದನ್ನೇ, ನೀರನ್ನು ಕಟ್ಟಿಹಾಕುವುದು.

ಅಷ್ಟರಲ್ಲಿ ದೊಡ್ಡವ್ವ ಬಂದು ನನ್ನ ಕೈಯಿಂದ ಬಾಟಲಿ ಇಸಿದುಕೊಂಡಳು. ಅರ್ಧ ಖಾಲಿಯಾಗಿ ಹೋಳುಗಳು ಮೇಲೆ ಎದ್ದಿದ್ದವು. ಕುಸುಬಿ ಎಣ್ಣೆ ಕಾಯಿಸಿ, ಆರಿಸಿ, ಹೋಳು ಮುಳುಗುವಷ್ಟು ಸುರಿದಳು.

“ಎಣ್ಣಿ ಮ್ಯಾಲ ನಿಂತಿರಬೇಕು ನೋಡ್ ತಮ್ಮಾ, ಇಲ್ಲಾಂದ್ರ ಬೂಸರ ಬರ್ತದ.”

“211 ಹಾಕ್ಯಾರಲ್ಲ ದೊಡ್ಡವ್ವಾ?”

“ಹಾಕಲಿ ಬಿಡು,” ಅಂದು ಮುಚ್ಚಳ ಬಿಗಿದಳು.